ಐದು ವರ್ಷ ಸವೆಯದ ಕ್ಲಚ್ಚು

ಬ್ರೇಕ್ ಫೇಲ್ ಆಗಿರಲೇ ಇಲ್ಲ.

ಠಾಣೆಯ ಹಿಂದಿನ ಬಯಲಿನಲ್ಲಿ, ಜಜ್ಜಿಹೋದ ಕೆಂಪು ಸ್ಪೋರ್ಟ್ಸ್ ಕಾರಿನ ಕೆಳಗೆ ಅಂಗಾತ ಮಲಗಿದ್ದ ರೋಸ್ಲಿನ್ ಟಾರ್ಚ್ ಹಿಡಿದು ಮೂರನೇ ಸಲ ನೋಡಿದಳು. ಬ್ರೇಕ್ ಆಯಿಲಿನ ಪೈಪು ನಾಲ್ಕೂ ಚಕ್ರದವರೆಗೆ ಇಡಿಯಾಗಿತ್ತು. ಒಂದು ಹನಿ ಸೋರಿರಲಿಲ್ಲ. ಪ್ಯಾಡುಗಳು ಹೊಸವು, ಒಂಬತ್ತೇ ದಿನ ಓಡಿದವು.

ಮೂರು ವಾರದ ಹಿಂದೆ, ಬೆಳಗಿನ ಆರು ಗಂಟೆಗೆ, ಬೆಟ್ಟದಿಂದ ಉತ್ತನಹಳ್ಳಿ ಕಡೆಗೆ ಇಳಿಯುವ ರಸ್ತೆಯಲ್ಲಿ ಈ ಕಾರು ತಡೆಗೋಡೆ ಒಡೆದು ಉರುಳಿತ್ತು. ರೇಷ್ಮೆ ವ್ಯಾಪಾರಿ ಸಿದ್ದಲಿಂಗಸ್ವಾಮಿ ಸ್ಟಿಯರಿಂಗಿನ ಮುಂದೆಯೇ ಸತ್ತುಬಿದ್ದಿದ್ದರು. ಬ್ರೇಕ್ ಕೆಲಸ ಕೆಡಿಸಿದನೆಂದು ಮೆಕ್ಯಾನಿಕ್ ಕ್ರಿಸ್ಟೋಫರ್ ಮೇಲೆ ಕೇಸು ಬಿದ್ದಿತ್ತು.

ಆ ಕ್ರಿಸ್ಟೋಫರ್ ಈಗ ಪಕ್ಕದಲ್ಲೇ ಮೊಣಕಾಲೂರಿ, ತನ್ನ ಆರಡಿ ದೇಹವನ್ನು ಮುದುಡಿಕೊಂಡು, ಅವಳು ಏನು ಹೇಳುತ್ತಾಳೋ ಎಂದು ಕಾಯುತ್ತಿದ್ದ.

ರೋಸ್ಲಿನ್ ಹೊರಗೆ ಬಂದು ಕೈ ಒರೆಸಿಕೊಂಡಳು. ಇಪ್ಪತ್ತೆರಡು ವರ್ಷದಿಂದ ವಿಮಾ ಕಂಪನಿಗಳಿಗಾಗಿ ಅಪಘಾತದ ವಾಹನ ಪರೀಕ್ಷಿಸಿ ವರದಿ ಕೊಡುವ ಸರ್ವೇಯರ್ ಅವಳು. ಕ್ರಿಸ್ಟೋಫರ್ ಅವಳ ಚರ್ಚಿನವನೇ, ಲಷ್ಕರ್ ಮೊಹಲ್ಲಾದಲ್ಲಿ ಅವಳ ಮನೆಯ ಹಿಂದಿನ ಬೀದಿಯಲ್ಲೇ ಅವನ ಗ್ಯಾರೇಜು. ಆ ಸಲಿಗೆಗೆ ವರದಿ ಬದಲಾಗುವುದಿಲ್ಲವೆಂದು ಅವನಿಗೆ ಮೊದಲೇ ಹೇಳಿದ್ದಳು.

“ನಿನ್ನ ಕೆಲಸದಲ್ಲಿ ತಪ್ಪಿಲ್ಲ,” ಎಂದಳು. “ಬ್ರೇಕ್ ಚೆನ್ನಾಗೇ ಇದೆ. ಅವತ್ತು ಯಾರೂ ಅದನ್ನ ಒತ್ತಿಲ್ಲ, ಅಷ್ಟೆ.”

ಕ್ರಿಸ್ಟೋಫರ್ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಆಮೇಲೆ ಎದ್ದು, ಜಾಮೀನಿನ ಷರತ್ತಿನಂತೆ ವಾರದ ಸಹಿ ಹಾಕಿ ಬರುತ್ತೇನೆಂದು ಹೇಳಿ ಠಾಣೆಯ ಒಳಗೆ ಹೋದ.

ಅವನು ಹೋದಮೇಲೆ ರೋಸ್ಲಿನ್ ಕಾರಿನ ಒಳಗೆ ಬಗ್ಗಿದಳು.

ಗೇರು ನ್ಯೂಟ್ರಲ್‌ನಲ್ಲಿತ್ತು. ಅಷ್ಟು ಕಡಿದಾದ ಇಳಿಜಾರಿನಲ್ಲಿ, ಹದಿನಾರು ವರ್ಷ ಇದೇ ಕಾರು ಇಟ್ಟುಕೊಂಡಿದ್ದ ಮನುಷ್ಯ ಗೇರು ತೆಗೆದು ಬಿಡುತ್ತಾರೆಯೆ? ಹ್ಯಾಂಡ್‌ಬ್ರೇಕ್ ಸಡಿಲವಾಗಿತ್ತು.

ಆಮೇಲೆ ಅವಳು ಡ್ರೈವರ್ ಸೀಟಿನ ಅಡಿಗೆ ಟಾರ್ಚ್ ಬಿಟ್ಟಳು.

ಸೀಟು ಹಿಂದೆ ಮುಂದೆ ಸರಿಯುವ ಕಬ್ಬಿಣದ ಹಳಿ ಮುಂದಿನ ತುದಿಯಲ್ಲಿ ಕನ್ನಡಿಯಂತೆ ಹೊಳೆಯುತ್ತಿತ್ತು. ಸೀಟು ವರ್ಷಗಟ್ಟಲೆ ನಿಂತಿದ್ದ ಜಾಗ ಅದು. ಹಿಂದಿನ ಭಾಗದಲ್ಲಿ ಗಟ್ಟಿಯಾದ ಜಿಡ್ಡು, ಧೂಳು, ಎಂದೋ ಬಿದ್ದ ಐವತ್ತು ಪೈಸೆಯ ನಾಣ್ಯ. ಆ ಜಿಡ್ಡನ್ನು ಹಸಿಯಾಗಿ ಕೆರೆದುಕೊಂಡು ಸೀಟು ಪೂರ್ತಿ ಹಿಂದಕ್ಕೆ ಹೋಗಿ, ಕೊನೆಯ ತೂತಿನಲ್ಲಿ ಭದ್ರವಾಗಿ ಕೂತಿತ್ತು. ಏಟಿಗೆ ಜಾರಿದ್ದಾದರೆ ಕೊಂಡಿ ಮುರಿದಿರಬೇಕಿತ್ತು. ಮುರಿದಿರಲಿಲ್ಲ. ಯಾರೋ ಕೈಯಿಂದಲೇ ಸರಿಸಿದ್ದರು.

ಸಿದ್ದಲಿಂಗಸ್ವಾಮಿಯವರ ಎತ್ತರ ಐದಡಿ ಮೂರಂಗುಲವೆಂದು ಮರಣೋತ್ತರ ವರದಿಯಲ್ಲಿತ್ತು. ಅಲ್ಲಿ ಕೂತರೆ ಅವರ ಕಾಲು ಪೆಡಲಿಗೆ ಎಟಕುತ್ತಲೇ ಇರಲಿಲ್ಲ.

ರೋಸ್ಲಿನ್ ನೆಟ್ಟಗೆ ನಿಂತಳು. ಅಪಘಾತಗಳನ್ನು ನೋಡಿ ನೋಡಿ ಗಟ್ಟಿಯಾದವಳು ಅವಳು. ಇದು ಅಪಘಾತವಾಗಿರಲಿಲ್ಲ.

ಕ್ರಿಸ್ಟೋಫರ್ ವಾಪಸು ಬಂದಾಗ ಸೀಟಿನ ವಿಷಯ ಬಾಯಿ ಬಿಡಲಿಲ್ಲ. ಪೊಲೀಸರಿಗೆ ಬರೆದು ಕೊಡುವವರೆಗೆ ಯಾರಿಗೂ ಹೇಳುವುದಿಲ್ಲವೆಂದು ಮನಸ್ಸಿನಲ್ಲೇ ಅಂದುಕೊಂಡಳು. ಕಾರಿನ ರಿಪೇರಿ ಫೈಲು ಕೊಡು ಎಂದು ಮಾತ್ರ ಕೇಳಿದಳು.

ಗ್ಯಾರೇಜಿನಲ್ಲಿ ಅವನು ತೆಗೆದುಕೊಟ್ಟ ಫೈಲು ದಪ್ಪವಾಗಿತ್ತು. ಆ ಕಾರಿನ ಹಣೆಬರಹವೇ ಹಾಗೆ. ಎರಡು ಸೀಟಿನ ವಿದೇಶಿ ಕಾರು, ಬೆಂಗಳೂರಿನ ಯಾರೋ ಓಡಿಸಿ ಬಿಟ್ಟದ್ದನ್ನು ಸಿದ್ದಲಿಂಗಸ್ವಾಮಿ ಕೊಂಡುಕೊಂಡಾಗಲೇ ಅದಕ್ಕೆ ಆರು ವರ್ಷ ವಯಸ್ಸು. ಈಗ ಎರಡು ಲಕ್ಷ ನಲವತ್ತು ಸಾವಿರ ಕಿಲೋಮೀಟರ್ ಓಡಿತ್ತು. ಲೀಟರಿಗೆ ಎಂಟು ಕಿಲೋಮೀಟರ್. ಪೆಟ್ರೋಲಿಗೇ ವರ್ಷಕ್ಕೆ ಎರಡು ಲಕ್ಷ. ಟೈಮಿಂಗ್ ಬೆಲ್ಟು, ವಾಟರ್ ಪಂಪು, ರೇಡಿಯೇಟರು, ಸಸ್ಪೆನ್ಷನ್ನಿನ ಬುಷ್ಷುಗಳು, ಮುಂಬಯಿಯಿಂದ ತರಿಸಿದ ಎಸಿ ಕಂಪ್ರೆಸರು, ಪ್ರತಿ ಐದು ಸಾವಿರಕ್ಕೊಮ್ಮೆ ಆಯಿಲು. ಕೊನೆಯ ಹಾಳೆಯಲ್ಲಿ ಎಂಜಿನ್ ಪೂರ್ತಿ ಬಿಚ್ಚುವ ಕೆಲಸದ ಅಂದಾಜು: ಪಿಸ್ಟನ್ ರಿಂಗು, ವಾಲ್ವು, ಗ್ಯಾಸ್ಕೆಟ್ಟು, ಲೇತ್ ಕೆಲಸ, ಎಲ್ಲ ಸೇರಿ ನಾಲ್ಕು ಲಕ್ಷ ಅರವತ್ತು ಸಾವಿರ. ಕಾರನ್ನು ಮಾರಿದರೆ ಮೂರು ಲಕ್ಷವೂ ಬರುತ್ತಿರಲಿಲ್ಲ.

ವಯಸ್ಸಾದ ಕಾರಿನ ಖರ್ಚು ವರ್ಷದಿಂದ ವರ್ಷಕ್ಕೆ ಏರಬೇಕು. ಇಲ್ಲೂ ಏರಿತ್ತು, ಒಂದು ಬಾಬತ್ತು ಬಿಟ್ಟು.

ಕ್ಲಚ್ಚು 2012ರಲ್ಲಿ ಒಮ್ಮೆ ಸುಟ್ಟಿತ್ತು. 2015ರಲ್ಲಿ ಮತ್ತೆ. 2018ರಲ್ಲಿ ಮತ್ತೆ. ಇಪ್ಪತ್ತೈದು ಸಾವಿರಕ್ಕೊಂದು ಕ್ಲಚ್ ಪ್ಲೇಟು. 2020ರಲ್ಲಿ ನಾಲ್ಕನೆಯದು ಹಾಕಿಸಿದ್ದರು. ಅಲ್ಲಿಂದ ಈಚೆಗೆ ಕಾರು ಎಂಬತ್ತು ಸಾವಿರ ಓಡಿತ್ತು, ಅದೇ ಕ್ಲಚ್ಚಿನಲ್ಲಿ. ಬ್ರೇಕ್ ಪ್ಯಾಡುಗಳೂ ಮೊದಲಿನ ಎರಡರಷ್ಟು ಬಾಳಿಕೆ ಬಂದಿದ್ದವು.

ಇದು ಹೇಗೆಂದು ಕೇಳಿದಾಗ ಕ್ರಿಸ್ಟೋಫರ್, ವಯಸ್ಸಾದಂತೆ ಸಾಹೇಬರ ಕಾಲು ಮೆತ್ತಗಾಯಿತು ಎಂದ. ಮೊದಲು ಕ್ಲಚ್ಚಿನ ಮೇಲೆ ಕಾಲು ಊರಿಕೊಂಡೇ ಓಡಿಸುತ್ತಿದ್ದರಂತೆ, ಎಷ್ಟು ಹೇಳಿದರೂ ಕೇಳುತ್ತಿರಲಿಲ್ಲವಂತೆ.

ಮನುಷ್ಯನ ಮಾತು ಮೆತ್ತಗಾಗಬಹುದು. ಮೂವತ್ತು ವರ್ಷ ಕ್ಲಚ್ಚಿನ ಮೇಲೆ ಊರಿಕೊಂಡಿದ್ದ ಕಾಲು ಒಂದು ಬೆಳಿಗ್ಗೆ ಎದ್ದು ಹಗುರವಾಗುವುದನ್ನು ರೋಸ್ಲಿನ್ ತನ್ನ ಸರ್ವೀಸಿನಲ್ಲಿ ಎಂದೂ ಕಂಡಿರಲಿಲ್ಲ. ಕಾಲು ಮೆತ್ತಗಾಗಿರಲಿಲ್ಲ. ಕಾಲೇ ಬೇರೆ.

ಸಿದ್ಧಾರ್ಥನಗರಕ್ಕೆ ಬಿಡು ಎಂದಳು. ಅವನು ಸ್ಕೂಟರ್ ತಂದ.

ಸಿದ್ದಲಿಂಗಸ್ವಾಮಿಯವರ ಮನೆ ಎರಡು ಬಿಲ್ವದ ಮರಗಳ ಹಿಂದೆ ಇತ್ತು. ಕ್ರಿಸ್ಟೋಫರ್ ಗೇಟಿನ ಒಳಗೆ ಬರಲಿಲ್ಲ. ಆ ಮನೆಯವರು ತನ್ನ ಮುಖ ನೋಡುವುದಿಲ್ಲವೆಂದು ಹೇಳಿ ರಸ್ತೆಯಾಚೆ ಸ್ಕೂಟರ್ ನಿಲ್ಲಿಸಿಕೊಂಡ.

ಶಿವಗಣಾರಾಧನೆ ಮುಗಿದು ಹತ್ತು ದಿನವಾಗಿತ್ತು. ಹಾಲ್‌ನಲ್ಲಿ ಯಜಮಾನರ ಫೋಟೊ, ಅದರ ಕೆಳಗೆ ಗಿರಿಜಾಂಬಾ. ಅರವತ್ತೊಂದು ವರ್ಷ, ಹಣೆಯ ಮೇಲೆ ಮೂರು ಗೆರೆ ವಿಭೂತಿ, ಪುಟ್ಟ ಆಕೃತಿ. ಕುರ್ಚಿಯಲ್ಲಿ ಕೂತರೆ ಕಾಲು ನೆಲಕ್ಕೆ ಸರಿಯಾಗಿ ತಾಗುತ್ತಿರಲಿಲ್ಲ. ಕುವೆಂಪುನಗರದಿಂದ ಬಂದಿದ್ದ ಮಗಳು ಹೇಮಶ್ರೀ ಬಾಗಿಲು ತೆರೆದು, ಕಾಫಿ ಮಾಡುತ್ತೇನೆಂದು ಒಳಗೆ ಹೋದಳು.

ರೋಸ್ಲಿನ್ ವಿಮೆಯ ಕಾಗದ ತೆಗೆದು ಮಾಮೂಲಿ ಪ್ರಶ್ನೆಗಳನ್ನು ಕೇಳಿದಳು. ಯಜಮಾನರು ದಿನಾ ಕಾರು ತೆಗೆಯುತ್ತಿದ್ದರೆ? ತೆಗೆಯುತ್ತಿದ್ದರು, ಬೆಳಿಗ್ಗೆ ಐದೂಕಾಲಿಗೆ, ಒಂದು ಗಂಟೆ ಸುತ್ತಿ ಬರುತ್ತಿದ್ದರು. ಒಬ್ಬರೇ ಹೋಗುತ್ತಿದ್ದರೆ? ಒಂದೊಂದು ಸಲ ನಾನೂ ಪಕ್ಕದಲ್ಲಿ ಕೂರುತ್ತಿದ್ದೆ. ಉತ್ತರಗಳೆಲ್ಲ ತಡವಿಲ್ಲದೆ ಬಂದವು.

ರೋಸ್ಲಿನ್ ಕಾಗದದ ಮೇಲೆ ಏನೋ ಬರೆಯುತ್ತ, ತಲೆ ಎತ್ತದೆ ಕೇಳಿದಳು.

“ಗೇರ್ ಬದಲಾಯಿಸುವಾಗ ಎರಡನೇ ಗೇರು ಗಟ್ಟಿ ಇತ್ತಾ ಅಮ್ಮ?”

“ಎರಡನೇದಲ್ಲ, ಮೂರನೇದು. ಮೊದಲು ಸ್ವಲ್ಪ ಎಡಕ್ಕೆ ಎಳ್ಕೋಬೇಕು, ಆಗ...”

ಗಿರಿಜಾಂಬಾ ನಿಲ್ಲಿಸಿದರು.

ರೋಸ್ಲಿನ್ ಪೆನ್ನು ಕೆಳಗಿಟ್ಟಳು. ಗಿರಿಜಾಂಬಾ ತಮ್ಮ ಎಡಗೈಯನ್ನೇ ನೋಡುತ್ತಿದ್ದರು. ಅದು ಗಾಳಿಯಲ್ಲಿ, ಕಾಣದ ಗೇರ್ ಹಿಡಿಯನ್ನು ಎಳೆಯುವ ಹಾಗೆ ಅರ್ಧಕ್ಕೆ ನಿಂತಿತ್ತು.

“ಐದು ವರ್ಷದಿಂದ ಕಾರು ಓಡಿಸ್ತಿದ್ದವರು ನೀವು,” ರೋಸ್ಲಿನ್ ಮೆಲ್ಲಗೆ ಹೇಳಿದಳು. “ಯಜಮಾನರಲ್ಲ.”

“ಅವರು ಓಡಿಸೋದಾದ್ರೂ ಎಂಗಮ್ಮ?” ಗಿರಿಜಾಂಬಾ ತಲೆ ಎತ್ತಿದರು. “ಅವರಿಗೆ ಕಣ್ಣೇ ಕಾಣ್ತಿರಲಿಲ್ಲ.”

ರೋಸ್ಲಿನ್ ಏನನ್ನೋ ನಿರೀಕ್ಷಿಸಿ ಬಂದಿದ್ದಳು. ಇದನ್ನಲ್ಲ.

ಗಿರಿಜಾಂಬಾ ಹೇಳುತ್ತಾ ಹೋದರು. ಒಮ್ಮೆ ಶುರುವಾದ ಮೇಲೆ ನಿಲ್ಲಿಸುವುದು ಅವರಿಗೂ ಆಗಲಿಲ್ಲವೇನೋ. ಮೊದಲು ಪಕ್ಕದ ನೋಟ ಹೋಯಿತು. ಆಮೇಲೆ ಎದುರಿನದೂ. ಕೊನೆಕೊನೆಗೆ ಬಂದವರ ಆಕಾರ ಮಾತ್ರ ತಿಳಿಯುತ್ತಿತ್ತು, ಮುಖ ತಿಳಿಯುತ್ತಿರಲಿಲ್ಲ. ಬಣ್ಣ ನೋಡಿ ರೇಷ್ಮೆಯ ಬೆಲೆ ಹೇಳುವ ಮನುಷ್ಯ. ಕಣ್ಣು ಹೋಯಿತೆಂದು ಪೇಟೆಯಲ್ಲಿ ಗೊತ್ತಾದರೆ ಅವರ ಮಾತಿಗೆ ಯಾರು ಬೆಲೆ ಕೊಡುತ್ತಾರೆ? ಸೀರೆಯನ್ನು ಬೆರಳಲ್ಲಿ ಮುಟ್ಟಿ, ಸೆರಗು ತಿಕ್ಕಿ, ನೋಡಿದ ಹಾಗೆ ನಟಿಸುತ್ತಿದ್ದರು. ದಿನಕ್ಕೆ ಒಂದೆರಡು ಗಂಟೆ ಮಾತ್ರ ಅಂಗಡಿಗೆ ಹೋಗುತ್ತಿದ್ದರು, ಕಪ್ಪು ಕನ್ನಡಕ ಹಾಕಿಕೊಂಡು. ಅಂಗಡಿ ನೋಡಿಕೊಳ್ಳುತ್ತಿದ್ದ ಅಳಿಯ ಶಿವಕುಮಾರನಿಗೂ ಗೊತ್ತಿರಲಿಲ್ಲ, ಮಗಳಿಗೂ ಗೊತ್ತಿರಲಿಲ್ಲ.

ಕಾರು ಬಿಡುವುದು ಮಾತ್ರ ಅವರಿಂದ ಆಗಲಿಲ್ಲ. ಶೆಡ್ಡಿಗೆ ಹೋಗಿ ಸುಮ್ಮನೆ ಅದರೊಳಗೆ ಕೂತಿರುತ್ತಿದ್ದರು. ಅದನ್ನು ನೋಡಲಾರದೆ, ಲಾಕ್‌ಡೌನ್ ಮುಗಿದ ವರ್ಷ, ಐವತ್ತಾರನೇ ವಯಸ್ಸಿನಲ್ಲಿ, ನನಗೆ ಕಲಿಸಿ ಎಂದು ಗಿರಿಜಾಂಬಾ ಕೇಳಿದರು. ಬೆಳಗಿನ ಖಾಲಿ ರಿಂಗ್ ರೋಡಿನಲ್ಲಿ ಅವರು ಎಂಜಿನ್ನಿನ ಸದ್ದು ಕೇಳಿಕೊಂಡೇ ಕಲಿಸಿದರು. ಈಗ ಕ್ಲಚ್ ಬಿಡು, ಈಗ ಎರಡಕ್ಕೆ ಹಾಕು, ಎಂಜಿನ್ ಕೂಗುತ್ತಿದೆ. ಹಿಂದಿನ ಬಲಚಕ್ರದ ಬೇರಿಂಗು ಹೋಗುತ್ತಿದೆಯೆಂದು ಕೂತಲ್ಲಿಂದಲೇ ಹೇಳುತ್ತಿದ್ದರು; ಗ್ಯಾರೇಜಿಗೆ ಬಿಟ್ಟರೆ ಅದೇ ಆಗಿರುತ್ತಿತ್ತು. ಗಿರಿಜಾಂಬಾ ಅವರ ಸ್ವೆಟರು, ಮಂಕಿ ಕ್ಯಾಪು ಹಾಕಿಕೊಂಡು ಓಡಿಸುತ್ತಿದ್ದರು. ನೋಡಿದವರು ಯಜಮಾನರೇ ಅಂದುಕೊಳ್ಳುತ್ತಿದ್ದರು. ಲೈಸೆನ್ಸ್ ಮಾಡಿಸಲೇ ಇಲ್ಲ. ಮಾಡಿಸಿದರೆ ಯಾಕೆಂದು ಕೇಳುತ್ತಾರಲ್ಲ.

“ಆ ಒಂದು ಗಂಟೆ ಅವರು ಯಾರ ಮುಂದೂ ನಾಟಕ ಆಡಬೇಕಾಗಿರಲಿಲ್ಲ,” ಎಂದರು. “ನನಗೂ ಇಷ್ಟ ಆಗ್ಬುಟ್ಟಿತ್ತು. ಸುಳ್ಳು ಯಾಕೆ ಹೇಳ್ಲಿ.”

“ಇದನ್ನ ಪೊಲೀಸರಿಗೆ ಯಾಕೆ ಹೇಳಲಿಲ್ಲ ಅಮ್ಮ? ಆ ಹುಡುಗ ಜೈಲಿಗೆ ಹೋಗಿ ಬಂದ.”

ಗಿರಿಜಾಂಬಾ ಸೆರಗಿನಿಂದ ಬಾಯಿ ಒತ್ತಿಕೊಂಡರು. ಎಂಜಿನ್ ಕೆಲಸಕ್ಕೆ ನಾಲ್ಕೂವರೆ ಲಕ್ಷದ ಮೇಲಾಗುತ್ತದೆಂದು ಗ್ಯಾರೇಜಿನಿಂದ ಫೋನು ಬಂದ ದಿನ ಮಧ್ಯಾಹ್ನ ಊಟದ ಹೊತ್ತಿಗೆ ಜಗಳವಾಗಿತ್ತು. ಸಾಕು, ಮಾರಿಬಿಡಿ, ನನಗೂ ವಯಸ್ಸಾಯಿತು, ಇನ್ನೆಷ್ಟು ದಿನ ನಿಮ್ಮ ಕಣ್ಣಾಗಿರಲಿ ಎಂದು ಇವರು ಅಂದುಬಿಟ್ಟಿದ್ದರು. ಅವರು ತಟ್ಟೆ ಬಿಟ್ಟು ಎದ್ದರು. ಸಂಜೆ ಅಂಗಡಿಗೆ ಹೋಗಿ ಬಂದವರು ಊಟ ಮಾಡಲಿಲ್ಲ. ನಾಳೆ ಬೆಳಿಗ್ಗೆ ಹೋಗುವುದು ಬೇಡ, ನೀನು ಮಲಗು ಎಂದಷ್ಟೇ ಹೇಳಿದರು. ಬೆಳಿಗ್ಗೆ ಆರಕ್ಕೆ ಇವರು ಎದ್ದಾಗ ಹಾಸಿಗೆ ಖಾಲಿ, ಶೆಡ್ಡು ಖಾಲಿ.

“ನನ್ನ ಮಾತಿಗೇ ಹೋಗ್ಬುಟ್ರು ಅಂದ್ಕೊಂಡೆ. ಕಣ್ಣಿಲ್ಲದೋರು ಒಬ್ಬರೇ ಬೆಟ್ಟಕ್ಕೆ ಕಾರು ಹೊಡ್ಕೊಂಡು ಹೋದ್ರು ಅಂದ್ರೆ ಏನರ್ಥ? ಅದನ್ನ ಎಂಗೆ ಹೇಳ್ಲಿ ನಾನು. ಬ್ರೇಕ್ ಹೋಗಿತ್ತು ಅಂದ್ರು. ಹೂಂ ಅಂದೆ.”

ಹೇಳುತ್ತಲೇ ಅವರ ದನಿ ಒಡೆಯಿತು. ಮೂರು ವಾರ ಈ ಹೆಂಗಸು ಗಂಡನನ್ನು ತಾನೇ ಕೊಂದೆನೆಂದು ನಂಬಿಕೊಂಡು, ಬಂದವರಿಗೆಲ್ಲ ಕಾಫಿ ಕೊಟ್ಟು ಕೂತಿದ್ದರು.

ರೋಸ್ಲಿನ್ ತನ್ನ ನಿರ್ಧಾರ ಮುರಿದಳು. ಇವರಿಗೆ ಹೇಳದಿರುವುದು ಆಗಲಿಲ್ಲ.

“ಅಮ್ಮ, ಅವರು ಓಡಿಸಿಲ್ಲ. ಸೀಟು ಪೂರ್ತಿ ಹಿಂದಕ್ಕಿತ್ತು. ಅಷ್ಟು ಹಿಂದೆ ಕೂತು ಓಡಿಸೋಕೆ ಉದ್ದ ಕಾಲಿನವರೇ ಆಗಬೇಕು. ಯಾರೋ ಅವರನ್ನ ಪಕ್ಕದಲ್ಲಿ ಕೂರಿಸಿಕೊಂಡು ಬೆಟ್ಟಕ್ಕೆ ಹೋಗಿದ್ದಾರೆ. ಆಮೇಲೆ ಅವರನ್ನ ಆ ಸೀಟಿಗೆ ಕೂರಿಸಿ, ಗೇರು ತೆಗೆದು, ಇಳಿಜಾರಿಗೆ ಬಿಟ್ಟಿದ್ದಾರೆ.”

ಗಿರಿಜಾಂಬಾ ಅಳುವುದು ನಿಂತಿತು. ಅವರು ರೋಸ್ಲಿನ್‌ಳನ್ನು ನೋಡಿದರು, ಗೋಡೆಯ ಫೋಟೊ ನೋಡಿದರು, ಮತ್ತೆ ರೋಸ್ಲಿನ್‌ಳನ್ನು ನೋಡಿದರು. ಅವರ ಕೈಯನ್ನು ರೋಸ್ಲಿನ್ ಹಿಡಿದುಕೊಂಡಳು.

“ಅವರಿಗೆ ಕಣ್ಣು ಕಾಣೋದಿಲ್ಲ ಅಂತ ಯಾರಿಗೆ ಗೊತ್ತಿತ್ತು?”

ಗಿರಿಜಾಂಬಾ ಇನ್ನೊಂದು ಕೈಯ ಬೆರಳು ಮಡಚುತ್ತ ಎಣಿಸಿದರು. ನನಗೆ, ಡಾಕ್ಟರಿಗೆ. ಮತ್ತೆ ಹೇಮಾಗೆ. ಜಗಳವಾದ ಸಂಜೆ ತಡೆಯಲಾರದೆ ಹೇಮಾಗೆ ಫೋನಿನಲ್ಲಿ ಮಾತು ರೆಕಾರ್ಡ್ ಮಾಡಿ ಕಳಿಸಿದೆ. ಅಪ್ಪನ ಕಣ್ಣು ಹೋಗಿದೆ, ಕಾರು ಓಡಿಸುವುದು ನಾನು, ನೀನಾದರೂ ಮಾರಿ ಎಂದು ಹೇಳು ಅಂತ. ಅವಳು ಇವತ್ತಿನವರೆಗೂ ಆ ಮಾತೇ ಎತ್ತಿಲ್ಲ. ನನ್ನ ಮೇಲೆ ಕೋಪ ಇರಬೇಕೆಂದು ನಾನೂ ಸುಮ್ಮನಿದ್ದೆ.

ಅಡುಗೆಮನೆಯ ಬಾಗಿಲಲ್ಲಿ ಲೋಟಗಳ ಸದ್ದಾಯಿತು. ಹೇಮಶ್ರೀ ಟ್ರೇ ಹಿಡಿದು ನಿಂತಿದ್ದಳು. ಕಾಫಿ ತುಳುಕಿ ಟ್ರೇ ತುಂಬ ಹರಿದಿತ್ತು.

“ಅಪ್ಪನಿಗೆ ಕಣ್ಣು ಕಾಣ್ತಿರಲಿಲ್ವಾ?” ಎಂದಳು. “ಅಮ್ಮ, ನೀನು ಯಾವ ಮೆಸೇಜ್ ಹೇಳ್ತಿದೀಯ? ನನಗೆ ಅಂಥದ್ದು ಬಂದೇ ಇಲ್ಲ.”

ಗಿರಿಜಾಂಬಾ ಫೋನ್ ತೆಗೆದರು. ಮೆಸೇಜು ಅಲ್ಲಿತ್ತು. ಒಂದೂವರೆ ನಿಮಿಷದ್ದು, ಪಕ್ಕದಲ್ಲಿ ಎರಡು ನೀಲಿ ಗೀಟು. ರೋಸ್ಲಿನ್ ಅದನ್ನು ಒತ್ತಿ ವಿವರ ನೋಡಿದಳು. ಸಂಜೆ ಐದೂವರೆಗೆ ಕಳಿಸಿದ್ದು. ಐದು ಗಂಟೆ ನಲವತ್ತೆರಡು ನಿಮಿಷಕ್ಕೆ ಯಾರೋ ಪೂರ್ತಿ ಕೇಳಿದ್ದರು.

ಹೇಮಶ್ರೀಯ ಫೋನಿನಲ್ಲಿ ಅದರ ಹಿಂದಿನ ಮೆಸೇಜೂ ಇತ್ತು, ಮುಂದಿನದೂ ಇತ್ತು. ನಡುವಿನ ಅದೊಂದು ಮಾತ್ರ ಇರಲಿಲ್ಲ. ಅಳಿಸಿಹಾಕಿದ್ದರು.

ಆ ಹೊತ್ತಿಗೆ ನಿಮ್ಮ ಫೋನ್ ಎಲ್ಲಿತ್ತು ಎಂದು ರೋಸ್ಲಿನ್ ಕೇಳಿದಳು. ಹೇಮಶ್ರೀ ಟ್ರೇ ನೆಲಕ್ಕಿಟ್ಟು ಅಲ್ಲೇ ಕೂತಳು. ಅವತ್ತು ಸಂಜೆ ಗೃಹಪ್ರವೇಶಕ್ಕೊಂದು ಸೀರೆ ಆರಿಸಲು ಅಂಗಡಿಗೆ ಹೋಗಿದ್ದಳು. ಚಾರ್ಜು ಮುಗಿದಿತ್ತೆಂದು ಫೋನನ್ನು ಹಿಂದಿನ ಕೋಣೆಯಲ್ಲಿ ಅಪ್ಪನ ಮೇಜಿನ ಮೇಲೆ ಚಾರ್ಜಿಗೆ ಹಾಕಿದ್ದಳು. ಲಾಕ್ ಇರಲಿಲ್ಲ, ಮಗಳು ಆಟ ಆಡುತ್ತಾಳೆಂದು ತೆಗೆದುಬಿಟ್ಟಿದ್ದಳು. ಗಂಡ ಶಿವಕುಮಾರ್ ಊರಲ್ಲೇ ಇರಲಿಲ್ಲ, ಕೊಳ್ಳೇಗಾಲಕ್ಕೆ ಹೋಗಿದ್ದರು.

“ಹಾಗಾದ್ರೆ ಅಪ್ಪನೇ ಕೇಳಿಸಿಕೊಂಡಿರಬೇಕು,” ಎಂದಳು ಅವಳು.

“ಅವರಿಗೆ ಫೋನಿನಲ್ಲಿ ಏನೂ ತಿಳೀತಿರಲಿಲ್ಲ ಕಣಮ್ಮ,” ಗಿರಿಜಾಂಬಾ ಪಿಸುಗುಟ್ಟಿದರು. “ಒತ್ತೋದು ಎಲ್ಲಿ ಅಂತ ಅವರಿಗೆ ಎಂಗೆ ಗೊತ್ತಾಗ್ಬೇಕು?”

ಯಾರೋ ಪಕ್ಕದಲ್ಲಿ ಕೂತು ಒತ್ತಿ ಕೇಳಿಸಿದ್ದರು. ಹೆಂಡತಿ ತನ್ನ ಗುಟ್ಟನ್ನು ಮಗಳಿಗೆ ಒಪ್ಪಿಸುವುದನ್ನು ಆ ಮನುಷ್ಯ ಇನ್ನೊಬ್ಬರ ಎದುರು ಕೂತು ಕೇಳಿಸಿಕೊಂಡಿದ್ದರು.

“ಆ ಕೋಣೆಯಲ್ಲಿ ಅವರ ಜೊತೆ ಯಾರಿದ್ದರು ಹೇಮಾ? ಸಮಾಧಾನವಾಗಿ ಯೋಚನೆ ಮಾಡಿ ಹೇಳಿ.”

ಹೇಮಶ್ರೀಗೆ ಯೋಚಿಸುವುದೇ ಬೇಕಾಗಲಿಲ್ಲ. “ಎಂಜಿನ್ ಕೆಲಸದ ಎಸ್ಟಿಮೇಟ್ ಹಿಡ್ಕೊಂಡು ಬಂದಿದ್ರಲ್ಲ, ಕ್ರಿಸ್ಟೋಫರ್. ಬಾಗಿಲು ಹಾಕ್ಕೊಂಡು ಮುಕ್ಕಾಲು ಗಂಟೆ ಕೂತಿದ್ರು.”

ಬೆಳಿಗ್ಗೆಯಷ್ಟೇ ರೋಸ್ಲಿನ್ ಅವನಿಗೆ ನಿನ್ನ ಕೆಲಸದಲ್ಲಿ ತಪ್ಪಿಲ್ಲ ಎಂದಿದ್ದಳು. ಅವನ ಸ್ಕೂಟರಿನ ಹಿಂದೆ ಕೂತೇ ಇಲ್ಲಿಗೆ ಬಂದಿದ್ದಳು. ಆ ಭೇಟಿಯ ವಿಷಯ ಅವನು ಒಂದು ಮಾತೂ ಹೇಳಿರಲಿಲ್ಲ.

ಹೊರಬಾಗಿಲಲ್ಲಿ ನೆರಳು ಬಿತ್ತು.

ಕ್ರಿಸ್ಟೋಫರ್ ಹೆಲ್ಮೆಟ್ಟನ್ನು ಎದೆಗೆ ಅವಚಿಕೊಂಡು ಮೆಟ್ಟಿಲ ಮೇಲೆ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ ಮೂವರಲ್ಲಿ ಯಾರಿಗೂ ತಿಳಿದಿರಲಿಲ್ಲ. ಗಿರಿಜಾಂಬಾ ಮಗಳ ತೋಳನ್ನು ಬಿಗಿಯಾಗಿ ಹಿಡಿದುಕೊಂಡರು.

“ಕೇಳಿಸಿದ್ದು ನಾನೇ ಅಕ್ಕ,” ಎಂದ ಅವನು. “ಫೋನ್ ಸದ್ದಾಯ್ತು, ಸಾಹೇಬ್ರೇ ಏನು ನೋಡು ಅಂದ್ರು. ಅಮ್ಮನ ದನಿ ಬಂತು. ನಾನು ನಿಲ್ಸೋಕೆ ಹೋದೆ, ಅವರು ಬಿಡಲಿಲ್ಲ.”

ರೋಸ್ಲಿನ್ ಎದ್ದು ನಿಂತಳು. “ಅಳಿಸಿದ್ದು?”

“ಅದು ನಾನಲ್ಲ.” ಅವನ ಕಣ್ಣು ಹೇಮಶ್ರೀಯ ಕಡೆ ಹೋಗಿ, ಅಲ್ಲಿ ನಿಲ್ಲಲಾರದೆ ನೆಲಕ್ಕಿಳಿಯಿತು. “ಆ ಮಾತು ಕೇಳಿದೋರು ನಾವಿಬ್ಬರೇ ಅಲ್ಲ ಅಕ್ಕ. ನಾನು ಹೊರಡೋವಾಗ ಫೋನು ಇನ್ನೊಬ್ಬರ ಕೈಲಿತ್ತು. ಕೊಳ್ಳೇಗಾಲಕ್ಕೆ ಹೋದೋರು ಅವತ್ತು ಹಿಂದಿನ ಬಾಗಿಲಿಂದ ವಾಪಸ್ ಬಂದಿದ್ರು.”